ಮೇಷ್ಟ್ರ ಮರೆವಿಗೆ ಸಾಕ್ಷಿಯಿಲ್ಲ

ನಿಜಾಮಿದ್ದೀನ್ ಮೇಷ್ಟ್ರು ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕೋಕಂದ್ ಪಟ್ಟಣದ ಅವರ ಮೊಹಲ್ಲಾದ ಎಲ್ಲರ ಬಾಯಲ್ಲೂ ಒಂದೇ ಮಾತು: "ಕೊನೇತನಕ ತಲೆ ಎಷ್ಟು ಚುರುಕಾಗಿತ್ತು ನೋಡಿ!" ಒಳಮನೆಯಲ್ಲಿ ಹೆಂಗಸರ ನಡುವೆ ಕೂತು ಅಳುತ್ತಿದ್ದ ಮಗಳು ಮಸ್ತೂರಾಳಿಗೆ ಆ ದುಃಖದಲ್ಲೂ ಒಂದಿಷ್ಟು ಹೆಮ್ಮೆಯಾಯಿತು. ಆ ಚುರುಕನ್ನು ನಾಲ್ಕು ವರ್ಷ ಕೈಯಾರೆ ಕಟ್ಟಿ ನಿಲ್ಲಿಸಿದವಳು ಅವಳೇ.

ಮಸ್ತೂರಾ ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದವಳು. ಶಿಶುವಿಹಾರದ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವಳ ಕೆಲಸ. ತಾಯಿ ಹೋದ ಮೇಲೆ ಮನೆಯಲ್ಲಿ ಅವಳು, ಅಪ್ಪ, ಇಬ್ಬರೇ. ತಮ್ಮ ಸಾಬಿತ್‌ಜಾನ್ ಹೊಸ ಬಜಾರಿನ ಹತ್ತಿರ ಬೇರೆ ಮನೆ ಮಾಡಿಕೊಂಡು ನೆಲದ ಟೈಲ್ಸ್ ಮಾರುತ್ತಿದ್ದ. ಶುಕ್ರವಾರದ ನಮಾಜು ಮುಗಿಸಿ ಬಂದು, ಒಂದು ಕಪ್ ಚಹಾ ಕುಡಿದು, ಅಪ್ಪನ ಕೈ ಹಿಡಿದು ದುವಾ ಪಡೆದು ಹೋಗುತ್ತಿದ್ದ.

ಸಾಯುವುದಕ್ಕೆ ನಾಲ್ಕು ವರ್ಷ ಮೊದಲು ಒಂದು ದಿನ ಮೇಷ್ಟ್ರು ರೊಟ್ಟಿ ತರಲು ಹೋದವರು ಬರಿಗಾಲಲ್ಲಿ, ಬರಿಗೈಯಲ್ಲಿ ಬಂದರು. ಬಾಗಿಲು ತೆಗೆದ ಮಸ್ತೂರಾಳನ್ನು ನೋಡಿ, "ನೀನು ಯಾರ ಮಗಳಮ್ಮಾ? ನಿಮ್ಮಪ್ಪ ನನ್ನ ಹತ್ರ ಓದಿದ್ನಾ?" ಎಂದರು. ದವಾಖಾನೆಯ ಡಾಕ್ಟರು ಪರೀಕ್ಷೆ ಮಾಡಿ, ಮಾನಸಿಕ ರೋಗಿಗಳ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಹೆಸರು ನೋಂದಾಯಿಸಬೇಕಂತೆ. ನಲವತ್ತು ವರ್ಷ ಗಣಿತ ಕಲಿಸಿದವರ ಹೆಸರು ಹುಚ್ಚರ ಪಟ್ಟಿಯಲ್ಲೇ? ಮಸ್ತೂರಾ ಚೀಟಿಯನ್ನು ಒಲೆಗೆ ಹಾಕಿದಳು. ಮರುವಾರ ಕೆಲಸ ಬಿಟ್ಟಳು.

ಅಲ್ಲಿಂದ ಮುಂದೆ ಅವಳ ಬದುಕೆಲ್ಲ ಮುಚ್ಚುವುದರಲ್ಲೇ ಕಳೆಯಿತು. ಬೀದಿಗೆ ಬೆಳಕಾಗುವ ಮೊದಲೇ ಅಪ್ಪನ ಒದ್ದೆ ಹಾಸಿಗೆ ತೊಳೆದು, ಅವರಿಗೆ ಸ್ನಾನ ಮಾಡಿಸಿ, ಗಡ್ಡ ಬಾಚಿ, ಇಸ್ತ್ರಿ ಮಾಡಿದ ಅಂಗಿ, ಟೋಪಿ ಹಾಕಿ ದ್ರಾಕ್ಷಿ ಚಪ್ಪರದ ಕೆಳಗಿನ ಕಟ್ಟೆಯ ಮೇಲೆ ಕೂರಿಸುವಳು. ಯಾರಾದರೂ ಬಂದರೆ ಚಹಾದ ಹೂಜಿ ಹಿಡಿದು ಹಿಂದೆಯೇ ನಿಂತು, "ಅಪ್ಪಾ, ಗಫೂರಣ್ಣ ಬಂದಿದ್ದಾರೆ. ಅವ್ರ ಮಗನಿಗೆ ಹೆಣ್ಣು ಗೊತ್ತಾಯ್ತಂತೆ!" ಎಂದು ಜೋರಾಗಿ ಹೇಳುವಳು. ಮೇಷ್ಟ್ರು ಅದನ್ನೇ ಹಿಡಿದು, "ಏನಯ್ಯಾ ಗಫೂರ್, ಸೊಸೆ ತರ್ತಾ ಇದ್ದೀಯಂತೆ?" ಎನ್ನುವರು. ಮಾತು ಮುಂದೆ ಹೋಗದಂತೆ ಮೇಷ್ಟ್ರ ಬಳಿ ಅವರದೇ ಒಂದು ಉಪಾಯವಿತ್ತು. "ಹದಿನೇಳು ಹತ್ತೊಂಬತ್ಲ ಎಷ್ಟು, ಹೇಳು ನೋಡೋಣ." ಬಂದವರು ತಡಬಡಾಯಿಸಿದರೆ, "ಮುನ್ನೂರ ಇಪ್ಪತ್ತಮೂರು ಕಣೋ ದಡ್ಡ!" ಎಲ್ಲರೂ ನಗುವರು. ಮಗ್ಗಿಯೊಂದು ಮಾತ್ರ ಆ ತಲೆಯಿಂದ ಅಳಿಸಿರಲಿಲ್ಲ.

ಅಪ್ಪ ಸತ್ತ ನಲವತ್ತನೆಯ ದಿನದ ಪುಲಾವ್ ಬಡಿಸಿ ಮುಗಿದ ಮೇಲೆ ಸಾಬಿತ್‌ಜಾನ್ ಒಂದು ಕಾಗದ ತೆಗೆದ. ಅದು ಉಯಿಲು. ಇಡೀ ಮನೆ, ಅಂಗಳ, ಬಾವಿ ಸಮೇತ, ಮಗನಿಗೆ. ತಾರೀಖು ನೋಡಿದಾಗ ಮಸ್ತೂರಾಳಿಗೆ ಹೊಳೆಯಿತು. ಹಿಂದಿನ ವರ್ಷ ನಾದಿನಿ ತೀರಿಕೊಂಡಳೆಂದು ರಿಷ್ಟಾನ್ ಊರಿಗೆ ಹೋಗುವಾಗ, ಅಪ್ಪನನ್ನು ಒಂದೇ ಒಂದು ದಿನ ತಮ್ಮನ ಕೈಗೆ ಒಪ್ಪಿಸಿದ್ದಳು. ಅವನು ಅಂದೇ ನೋಟರಿಯನ್ನು ಮನೆಗೆ ಕರೆಸಿದ್ದ.

"ಅಪ್ಪನ ಇಷ್ಟ ಅಕ್ಕ, ನಾನೇನ್ ಮಾಡ್ಲಿ?"

"ಅವತ್ತು ಅಪ್ಪನಿಗೆ ನಿನ್ನ ಹೆಸರಾದ್ರೂ ಗೊತ್ತಿತ್ತೇನೋ?"

"ಗೊತ್ತಿಲ್ದೇ ಬರೆಸಿದ್ರಾ? ನಿನ್ನನ್ನೇನು ಈಗ್ಲೇ ಹೊರಗೆ ಹಾಕ್ತಿಲ್ಲ. ಗಿರಾಕಿ ಸಿಗೋತನಕ ಇರು."

ಮಸ್ತೂರಾ ವಕೀಲೆ ಲೋಬಾರಳ ಬಳಿಗೆ ಹೋದಳು. ಲೋಬಾರ್ ಕಾಗದವನ್ನು ಎರಡು ಸಲ ಓದಿದಳು. "ಉಯಿಲು ಬಿದ್ದುಹೋದ್ರೆ ಅರ್ಧ ಮನೆ ನಿಮ್ಮದು. ಆದ್ರೆ ಸಹಿ ಹಾಕಿದ ದಿನ ನಿಮ್ಮಪ್ಪನಿಗೆ ಬುದ್ಧಿ ಸ್ವಾಧೀನದಲ್ಲಿರ್ಲಿಲ್ಲ ಅಂತ ನಾವು ತೋರಿಸ್ಬೇಕು. ಆಸ್ಪತ್ರೆ ಕಾಗದ ಇದೆಯಾ?"

"ಇಲ್ಲ. ಚೀಟಿ ಸುಟ್ಟುಹಾಕ್ದೆ. ದವಾಖಾನೇಲೂ ಏನೂ ಬರೆದಿಟ್ಟಿಲ್ವಂತೆ."

"ಅವರ ಸ್ಥಿತಿ ಕಣ್ಣಾರೆ ಕಂಡೋರು?"

"ಕಾಣೋಕೆ ನಾನು ಬಿಡ್ಲಿಲ್ಲ."

ಲೋಬಾರ್ ಕಾಗದ ಮಡಚಿದಳು. "ನಿಮ್ಮ ವಯಸ್ಸೆಷ್ಟಕ್ಕಾ?"

"ಐವತ್ತಮೂರು."

"ಐವತ್ತೈದು ತುಂಬಿ ಪಿಂಚಣಿ ವಯಸ್ಸಾಗಿದ್ದಿದ್ರೆ ಉಯಿಲು ಏನೇ ಹೇಳ್ಲಿ, ಒಂದು ಪಾಲು ಕೊಡ್ಲೇಬೇಕಿತ್ತು. ನಿಮ್ಮಪ್ಪ ಇನ್ನೆರಡು ವರ್ಷ ಬದುಕಿರ್ಬೇಕಿತ್ತು."

"ನಾನೂ ಹಂಗೇ ಬೇಡ್ಕೊಂಡಿದ್ದೆ ಕಣಮ್ಮ," ಎಂದಳು ಮಸ್ತೂರಾ, "ಪಾಲಿನ ಆಸೆಗಲ್ಲ."

ದಾವೆ ನಡೆದದ್ದು ಬೇಸಿಗೆಯಲ್ಲಿ. ಮೊಹಲ್ಲಾದ ಅರ್ಧ ಜನ ಕೋರ್ಟಿನಲ್ಲಿದ್ದರು. ಗಫೂರ್ ಎದ್ದು ನಿಂತು ತಾನು ಕಂಡ ಸತ್ಯವನ್ನೇ ಹೇಳಿದ. ಮೇಷ್ಟ್ರು ಅವನ ಮಗನ ಮದುವೆ ಮಾತನ್ನು ತಾವಾಗಿಯೇ ಎತ್ತಿದ್ದರಂತೆ. ನೋಟರಿಯೂ ತನ್ನ ಲೆಕ್ಕದಲ್ಲಿ ಸತ್ಯವನ್ನೇ ಹೇಳಿದ. "ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಅಂತ ನಾನು ನೋಡೋಕೆ ಹೋದ್ರೆ ಅವ್ರೇ ನನಗೆ ಪರೀಕ್ಷೆ ಕೊಟ್ರು ಸ್ವಾಮಿ! ಹದಿನೇಳು ಹತ್ತೊಂಬತ್ಲ ಎಷ್ಟು ಅಂದ್ರು. ನನಗೆ ಬರ್ಲಿಲ್ಲ." ಕೋರ್ಟಿನಲ್ಲಿ ನಗು. ಜಡ್ಜ್ ಕೂಡ ತುಟಿ ಕಚ್ಚಿಕೊಂಡ.

ಮಸ್ತೂರಾಳ ಸರದಿ ಬಂತು. ನಾಲ್ಕು ವರ್ಷ ಗೋಡೆಗೂ ಕೇಳಿಸದಂತೆ ನುಂಗಿದ್ದನ್ನು ಅವಳು ನೆರೆದವರ ಮುಂದೆ ಕಕ್ಕಬೇಕಾಯಿತು. ಅಪ್ಪ ದಿಂಬಿನಡಿ ರೊಟ್ಟಿ ಬಚ್ಚಿಡುತ್ತಿದ್ದುದು, ಕನ್ನಡಿಯಲ್ಲಿ ಕಂಡ ಮುದುಕನಿಗೆ ಸಲಾಂ ಹೇಳುತ್ತಿದ್ದುದು, ಹಾಸಿಗೆಯಲ್ಲೇ ಎಲ್ಲ ಆಗಿಬಿಡುತ್ತಿದ್ದುದು, ತನ್ನನ್ನು ಕೂಲಿಯವಳೆಂದು ತಿಳಿದು "ಒಳ್ಳೆ ಹುಡುಗಿ, ನಿನಗೆ ಸಂಬಳ ಕೊಡ್ತಾರಾ?" ಎಂದು ಕೇಳುತ್ತಿದ್ದುದು. ಹೇಳುತ್ತಾ ಹೋದಂತೆ ಎದುರಿನ ಮುಖಗಳು ಒಂದೊಂದಾಗಿ ಗಂಟಿಕ್ಕಿಕೊಂಡವು.

ಸಾಬಿತ್‌ಜಾನ್ ಎದ್ದ. "ಸಾಕು ಮಾಡಕ್ಕಾ! ಅರ್ಧ ಮನೆಗೋಸ್ಕರ ಹೆತ್ತಪ್ಪನನ್ನ ಹುಚ್ಚ ಮಾಡ್ತೀಯಾ? ಮಣ್ಣಲ್ಲಿ ಮಲಗಿರೋನ ಬಟ್ಟೆ ಬಿಚ್ತೀಯಾ?"

"ಆ ಬಟ್ಟೆ ಒಗೆದೋಳು ನಾನು ಕಣೋ!" ಎಂದಳು ಮಸ್ತೂರಾ. ಅವಳ ದನಿ ಆ ಗದ್ದಲದಲ್ಲಿ ಯಾರಿಗೂ ಮುಟ್ಟಲಿಲ್ಲ.

ಅವಳ ಕೊನೆಯ ಆಸೆ ಪಕ್ಕದ ಮನೆಯ ಹಿದಾಯತ್ ಚಿಕ್ಕಮ್ಮ. ಗೋಡೆಗೆ ಗೋಡೆ ಅಂಟಿದ ಮನೆ. ಮುದುಕಿ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯನ್ನು ಹಿಂಡುತ್ತಾ ನೆಲ ನೋಡಿ ಹೇಳಿದಳು: "ನನಗೇನೂ ಗೊತ್ತಿಲ್ಲ ಸ್ವಾಮಿ. ಮೇಷ್ಟ್ರು ಯಾವಾಗ್ಲೂ ಚೊಕ್ಕವಾಗಿದ್ರು."

ಕೋರ್ಟು ನೇಮಿಸಿದ ಮೂವರು ಡಾಕ್ಟರುಗಳ ಸಮಿತಿ, ದಾಖಲೆಗಳಿಲ್ಲದ ಕಾರಣ ಮೃತರ ಮನಸ್ಥಿತಿಯ ಬಗ್ಗೆ ಏನೂ ಹೇಳಲಾಗದು ಎಂದು ಬರೆಯಿತು. ದಾವೆ ವಜಾ ಆಯಿತು. ಫರ್ಗಾನಾದ ಮೇಲಿನ ಕೋರ್ಟಿನಲ್ಲಿ ಹಾಕಿದ ಮೇಲ್ಮನವಿಯೂ ಹಾಗೇ ಹೋಯಿತು. ಮೊಹಲ್ಲಾದಲ್ಲಿ ಹೆಂಗಸರು ಅವಳ ಸಲಾಮಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದರು. ಮೇಷ್ಟ್ರ ಹೆಸರಿಗೆ ಕೆಸರೆರಚಿದವಳು ಅವಳು. ಮನೆ ಕೊಂಡವನು ಮೊದಲ ವಾರವೇ ಚಪ್ಪರ ಕಡಿಸಿ ಲಾರಿ ನಿಲ್ಲಲು ಜಾಗ ಮಾಡಿದ. ಮಸ್ತೂರಾ ರೈಲು ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು, ಮತ್ತೆ ಶಿಶುವಿಹಾರದ ಅಡುಗೆಮನೆ ಸೇರಿದಳು. ಈ ಸಲ ಅವಳು ಸಹಾಯಕಿ. ಹಳೆಯ ಜಾಗದಲ್ಲಿ ಬೇರೊಬ್ಬಳಿದ್ದಳು.

ವರ್ಷಾಬ್ದಿಯ ದಿನ ಸಾಬಿತ್‌ಜಾನ್ ದೊಡ್ಡ ಕಡಾಯಿಯಲ್ಲಿ ಪುಲಾವ್ ಮಾಡಿಸಿ ಊರಿಗೆಲ್ಲ ಬಡಿಸಿದ. ಮಸ್ತೂರಾ ಹೋಗಲಿಲ್ಲ. ತನ್ನ ಕೋಣೆಯಲ್ಲೇ ಅಪ್ಪನ ಹೆಸರಲ್ಲಿ ಎಣ್ಣೆ ಕಾಯಿಸಿ ನಾಲ್ಕು ರೊಟ್ಟಿ ಕರಿದಳು. ಮಧ್ಯಾಹ್ನ ಬಾಗಿಲು ಬಡಿದವಳು ಹಿದಾಯತ್ ಚಿಕ್ಕಮ್ಮ.

ಮುದುಕಿ ಕೂತು, ಅಪ್ಪನಿಗಾಗಿ ದುವಾ ಓದಿ, ಅಂಗೈಗಳಿಂದ ಮುಖ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ನನಗೆ ಗೊತ್ತಿತ್ತು ಮಗಳೇ. ದಿನಾ ಬೆಳಿಗ್ಗೆ ಆ ಹಾಸಿಗೆ ಬಟ್ಟೆ ಹಗ್ಗದ ಮೇಲೆ ನೋಡ್ತಿರ್ಲಿಲ್ವಾ? ಅವ್ರು ಕೂಗಾಡೋದೂ ಕೇಳಿಸ್ತಿತ್ತು."

ಮಸ್ತೂರಾ ರೊಟ್ಟಿಯ ತಟ್ಟೆ ಕೆಳಗಿಟ್ಟಳು. "ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ನನ್ನ ನಾಲ್ಕು ಮಕ್ಕಳಿಗೂ ಅಕ್ಷರ ಕಲಿಸಿದೋರು. ಅಷ್ಟು ಜನರ ಮುಂದೆ ಅವ್ರ ಮರ್ಯಾದೆ... ನೀನೇ ಅಷ್ಟು ಜೋಪಾನ ಮಾಡಿದ್ದನ್ನ ನಾನು ಹೆಂಗೆ ತೆಗೀಲಿ?"

"ಅಪ್ಪನ ಮರ್ಯಾದೆ ಉಳೀತು ಚಿಕ್ಕಮ್ಮಾ," ಎಂದಳು ಮಸ್ತೂರಾ. "ನನ್ನ ಸೂರು ಹೋಯ್ತು."

ಮುದುಕಿ ಅಳತೊಡಗಿದಳು. ಮಸ್ತೂರಾಳಿಗೆ ಅಳು ಬರಲಿಲ್ಲ. ಬಂದವರು ಇನ್ನಷ್ಟು ಹೊತ್ತು ಕೂರಲಿ ಎಂದು ಕಪ್ಪಿಗೆ ಅರ್ಧದಷ್ಟೇ ಚಹಾ ಸುರಿಯುವುದು ಅಲ್ಲಿಯ ರೀತಿ. ಅವಳು ಹೂಜಿ ಎತ್ತಿ ಕಪ್ಪನ್ನು ಅಂಚಿನವರೆಗೆ ತುಂಬಿಸಿ ಮುದುಕಿಯ ಮುಂದಿಟ್ಟಳು. ಹಿದಾಯತ್ ಚಿಕ್ಕಮ್ಮ ಅದನ್ನು ನೋಡಿದಳು. ಒಂದು ಗುಟುಕೂ ಕುಡಿಯದೆ, ಮೊಣಕಾಲಿಗೆ ಕೈ ಊರಿ ಎದ್ದು, ಬಾಗಿಲು ದಾಟಿ ಹೋದಳು.