ತೋಫು ಮಾರುವವಳು ಸುದ್ದಿಯಾದಳು

ಗುನ್ಸಾನ್ ಬಂದರಿನ ಹಿಂದಿನ ಓಣಿಯಲ್ಲಿ ಯಾವ ಸುದ್ದಿಯೇ ಆಗಲಿ, ಪಿಲ್ರೇಯ ಅಂಗಡಿಯಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೇ ಅದಕ್ಕೆ ಸುದ್ದಿಯ ಯೋಗ್ಯತೆ ಬರುತ್ತಿತ್ತು. ಪಿಲ್ರೇ ಹೆಂಗಸರ ಕೂದಲು ಗುಂಗುರು ಮಾಡುವವಳು. ಓಣಿಯ ಮೊದಲ ಬಣ್ಣದ ಟಿವಿ ಅವಳ ಅಂಗಡಿಗೇ ಬಂದದ್ದು. ತಲೆತುಂಬ ಸುರುಳಿ ಸಿಕ್ಕಿಸಿಕೊಂಡು, ಮದ್ದಿನ ಘಾಟಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತವರು ಎದ್ದು ಹೋಗುವಂತೆಯೇ ಇರಲಿಲ್ಲ. ಅವಳು ಹೇಳಿದ್ದನ್ನು ಕೇಳಲೇಬೇಕು. ಮೂಲಂಗಿ ಯಾಕೆ ತುಟ್ಟಿಯಾಯಿತು, ಯಾವ ಮಂತ್ರಿಯ ಕುರ್ಚಿ ಅಲ್ಲಾಡುತ್ತಿದೆ, ವಾರ್ತೆ ಓದುವವನು ಯಾವ ಮಾತಿನ ಹಿಂದೆ ಉಗುಳು ನುಂಗಿದ, ಎಲ್ಲಕ್ಕೂ ಅವಳ ಬಳಿ ಅರ್ಥವಿತ್ತು. ತೀರಾ ಮೇಲಿನವರ ಮಾತು ಬಂದರೆ ಮಾತ್ರ ಡ್ರೈಯರ್ ಹಚ್ಚಿ, ಆ ಸದ್ದಿನ ಮರೆಯಲ್ಲಿ ಕಿವಿಗೆ ಬಾಯಿ ತಾಗಿಸಿ ಹೇಳುತ್ತಿದ್ದಳು.

ಈ ಯಾವುದೂ ಬೇಡವಾಗಿದ್ದವಳು ಎಂದರೆ ಸುನ್‌ದೊಕ್. ಬೆಳಬೆಳಗ್ಗೆ ಗಂಟೆ ಅಲ್ಲಾಡಿಸಿಕೊಂಡು, ಸೋಯಾ ಹಾಲು ಒಡೆದು ಮಾಡಿದ ತೋಫು ಮಾರುವವಳು. ಮೂವತ್ತು ವರ್ಷದ ಹಿಂದಿನ ಯುದ್ಧದ ಅನಾಥೆ, ತೋಫು ಮಾಡುವ ಮುದುಕಿಯೊಬ್ಬಳು ಸಾಕಿ, ಕಸುಬು ಕೊಟ್ಟು ಸತ್ತಿದ್ದಳು.

"ಅಲ್ಲಿ ಯಾರು ಕುರ್ಚಿ ಮೇಲೆ ಕೂತ್ರೆ ನನ್ ಸೋಯಾ ಬೇಗ ನೆನೆಯುತ್ತಾ ಅಕ್ಕಾ?" ಎನ್ನುತ್ತಿದ್ದಳು.

"ಪ್ರಪಂಚ ಮುಳುಗಿದ್ರೂ ನಾಳೆ ಇವ್ಳು ಗಂಟೆ ಅಲ್ಲಾಡಿಸ್ಕೊಂಡು ಬರ್ತಾಳೆ ನೋಡ್ರೇ," ಎಂದು ಪಿಲ್ರೇ ನಗಿಸುತ್ತಿದ್ದಳು.

ಎಂಬತ್ತಮೂರರ ಬೇಸಿಗೆಯಲ್ಲಿ ಟಿವಿಯಲ್ಲಿ ಆ ಕಾರ್ಯಕ್ರಮ ಶುರುವಾಯಿತು. ಯುದ್ಧದಲ್ಲಿ ಚದುರಿಹೋದವರು ಎದೆಗೆ ಫಲಕ ಹಿಡಿದು ನಿಲ್ಲುತ್ತಿದ್ದರು. ಪರದೆ ಎರಡು ಭಾಗವಾಗಿ ಒಂದೂರಿನ ಅಕ್ಕ, ಇನ್ನೊಂದೂರಿನ ತಮ್ಮ ಒಬ್ಬರನ್ನೊಬ್ಬರು ಗುರುತು ಹಿಡಿದು ಗೋಳೋ ಎಂದು ಅಳುತ್ತಿದ್ದರು. ಓಣಿಯ ಒಲೆಗಳು ಆರಿದವು. ಅನ್ನ ಬೇಯಿಸುವುದು ಬಿಟ್ಟು ಹೆಂಗಸರೆಲ್ಲ ಪಿಲ್ರೇಯ ಅಂಗಡಿಯಲ್ಲಿ ಕೂತು ಮೂಗು ಒರೆಸಿಕೊಂಡರು. ಪಿಲ್ರೇಗೂ ಒಬ್ಬ ಅಣ್ಣನಿದ್ದ, ಗಾಪ್‌ಸೊಂಗ್. ಯುದ್ಧದಲ್ಲಿ ಹೊಳೆ ದಾಟುವಾಗಿನ ನೂಕುನುಗ್ಗಲಿನಲ್ಲಿ ಕಳೆದುಹೋದವನು. ಜೊಂಜು ಪಟ್ಟಣದ ಟಿವಿ ಕೇಂದ್ರಕ್ಕೆ ತಾನೂ ಹೋಗಬೇಕೆಂದು ನಿರ್ಧರಿಸಿದಳು. ಒಬ್ಬಳೇ ಹೋಗಲು ಧೈರ್ಯ ಸಾಲಲಿಲ್ಲ. ಗಂಡ ಮೀನು ಹಿಡಿಯಲು ದೋಣಿಯಲ್ಲಿ ಹೋಗಿದ್ದ. ಜೊತೆಗಿರಲಿ ಎಂದು ಸುನ್‌ದೊಕ್‌ಳನ್ನು ಹಿಡಿದಳು.

"ನಿಂಗೂ ಯಾರೋ ಇದ್ರಲ್ಲೇ?"

"ಅಣ್ಣ ಇದ್ದ. ಹೆಸ್ರೂ ನೆಟ್ಟಗೆ ಗೊತ್ತಿಲ್ಲ. ನನ್ನ ಕಾಳು ಅಂತಿದ್ದ. ಮನೆ ಮುಂದೆ ಕಲ್ಲಿನ ಸೇತುವೆ ಇತ್ತು."

"ಅಷ್ಟು ಸಾಕು, ಬಾ."

ಎರಡೂ ಫಲಕ ಬರೆದವಳು ಪಿಲ್ರೇಯೇ. ತನ್ನದರಲ್ಲಿ ಊರು, ಅಪ್ಪನ ಹೆಸರು, ಅಣ್ಣನ ಹುಬ್ಬಿನ ಗಾಯ, ಎಲ್ಲವನ್ನೂ ಅಂದವಾಗಿ ತುಂಬಿಸಿದಳು. ಸುನ್‌ದೊಕ್‌ಳದರಲ್ಲಿ ಬರೆಯಲು ಬೇರೇನೂ ಇಲ್ಲದೆ 'ಅಣ್ಣ, ಮನೆ ಮುಂದೆ ಸೇತುವೆ' ಎಂಬ ಅಕ್ಷರಗಳನ್ನೇ ದಪ್ಪ ಮಾಡಿದಳು.

ಜೊಂಜುವಿನಲ್ಲಿ ಕ್ಯಾಮೆರಾದೆದುರು ನಿಂತಾಗ ಬೂಸಾನ್ ಕೇಂದ್ರದಿಂದ ಕರೆ ಬಂದದ್ದು ಆ ದಪ್ಪ ಅಕ್ಷರಕ್ಕೆ. ಪರದೆಯ ಆ ಕಡೆ ಬಿಸಿಲಿಗೆ ಕಂದಿದ ಮುಖದ ಗಂಡಸೊಬ್ಬ, ಮಾನ್‌ಗ್ಯು ಎಂದು ಹೆಸರು.

"ಸೇತುವೆ ಯಾತರದ್ದು?"

"ಕಲ್ಲಿಂದು."

"ನಿನ್ನ... ನಿನ್ನ ನಾನು ಏನಂತ ಕರೀತಿದ್ದೆ?"

"ಕಾಳು."

ಆ ಗಂಡಸು ನಿಂತಲ್ಲೇ ಕುಸಿದ. ಸುನ್‌ದೊಕ್ ಪರದೆಯನ್ನೇ ತಬ್ಬಲು ಓಡಿದಳು. ಪಿಲ್ರೇಯೂ ಅತ್ತಳು, ಅದು ನಿಜವಾದ ಅಳುವೇ. ಆದರೆ ಕ್ಯಾಮೆರಾದವನು, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ನಿಲ್ಲಿ," ಎಂದು ಭುಜ ಹಿಡಿದು ಸರಿಸಿದಾಗ ಎದೆಯೊಳಗೆ ಏನೋ ಚುಳ್ ಎಂದಿತು. ಆಮೇಲೆ ಅವಳ ಫಲಕವನ್ನೂ ತೋರಿಸಿದರು, ಕಣ್ಣು ಮಿಟುಕಿಸುವಷ್ಟು ಹೊತ್ತು. ಯಾರೂ ಕರೆಯಲಿಲ್ಲ. ಬರುವಾಗ ಬಸ್ಸಿನಲ್ಲಿ ಸುನ್‌ದೊಕ್ ಅವಳ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋದಳು. ಆ ತಲೆ ಕಲ್ಲಿನಷ್ಟು ಭಾರವಾಗಿತ್ತು.

ಮರುದಿನದಿಂದ ಓಣಿ ಮಗ್ಗುಲು ಬದಲಿಸಿತು. ಬೇಕಿರಲಿ ಬೇಡದಿರಲಿ, ಎಲ್ಲರೂ ತೋಫು ಕೊಳ್ಳಲು ನಿಂತರು. ಸುನ್‌ದೊಕ್ ತೊದಲುತ್ತ ಅದೇ ನಾಲ್ಕು ಮಾತು ಹೇಳುವುದು, ಇವರು ಅದೇ ಜಾಗದಲ್ಲಿ ಅಳುವುದು. ಪಿಲ್ರೇಯ ಟಿವಿ ಖಾಲಿ ಕುರ್ಚಿಗಳಿಗೆ ವಾರ್ತೆ ಓದುತ್ತಿತ್ತು.

ಹಣ್ಣಿನಂಗಡಿಯ ಓಕ್‌ಬುನ್ ಬಾಗಿಲಲ್ಲಿ ಇಣುಕಿ, "ನೀವೂ ಅಲ್ಲೇ ಇದ್ರಂತೆ ಅಕ್ಕಾ? ಟಿವೀಲಿ ಕಾಣ್ಲೇ ಇಲ್ಲ!" ಎಂದಳು.

ಪಿಲ್ರೇ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ದಿನವೂ ವಾರ್ತೆ ನೋಡಿದವಳು ನಾನು, ಕರೆದುಕೊಂಡು ಹೋದವಳು ನಾನು, ಬರೆದುಕೊಟ್ಟವಳು ನಾನು. ಅಪ್ಪನ ಹೆಸರು ಗೊತ್ತಿಲ್ಲದವಳಿಗೆ ಅಣ್ಣ ಸಿಕ್ಕ! ಅವಳಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಓಕ್‌ಬುನ್‌ಳ ತಲೆಗೆ ಮದ್ದು ಹಚ್ಚುತ್ತ ಒಂದು ದಿನ ಬಾಯಿಬಿಟ್ಟಳು:

"ಕಾಳು, ಬೀಜ, ಗುಂಡು ಅಂತ ಯಾವ ಮನೇಲಿ ಮಕ್ಕಳನ್ನ ಕರೆಯಲ್ಲ ಹೇಳು? ಕಲ್ಲು ಸೇತುವೆ ದೇಶದ ತುಂಬ ಇದೆ. ಅಳೋ ಭರದಲ್ಲಿ ಸಿಕ್ಕಿದೋರನ್ನ ತಬ್ಕೊಂಡೋರು ಎಷ್ಟು ಜನಾನೋ."

"ಅಂದ್ರೆ ಅವ್ನು ಅಣ್ಣ ಅಲ್ವಾ?"

"ನಾನ್ ಹಾಗಂದ್ನಾ? ಗೊತ್ತಿಲ್ಲ ಅಂದೆ, ಅಷ್ಟೆ."

ಅಷ್ಟೇ ಸಾಕಾಯಿತು. ಓಕ್‌ಬುನ್‌ಳ ಗುಂಗುರು ಒಣಗುವ ಮೊದಲೇ ಮಾತು ಬಂದರಿನ ಮೀನುಕಟ್ಟೆ ಮುಟ್ಟಿತ್ತು.

ಅಣ್ಣ ಬೂಸಾನ್‌ನಿಂದ ತಂಗಿಯ ಮನೆಗೆ ಬರುವ ಹಿಂದಿನ ದಿನ ಸುನ್‌ದೊಕ್ ಜೀವನದಲ್ಲಿ ಮೊದಲ ಬಾರಿಗೆ ಕೂದಲು ಗುಂಗುರು ಮಾಡಿಸಿಕೊಳ್ಳಲು ಬಂದು ಕೂತಳು. ಕನ್ನಡಿಯಲ್ಲಿ ಪಿಲ್ರೇಯ ಮುಖ ನೋಡಿದಳು.

"ಜನ ಏನೇನೋ ಅಂತಾರಕ್ಕಾ. ನಂಗೂ ಭಯ ಆಗ್ತಿದೆ. ನೀವು ದಿನಾ ಟಿವಿ ನೋಡೋರು, ಇದೆಲ್ಲ ತಿಳಿಯುತ್ತೆ. ನಾಳೆ ಬಂದು ನೋಡಿ ಹೇಳಿ. ಅಲ್ಲ ಅಂದ್ರೆ ಊಟ ಹಾಕಿ ಕಳಿಸ್ಬಿಡ್ತೀನಿ."

ಆ ಮಾತನ್ನು ಮೊದಲು ಯಾರು ಆಡಿದ್ದೆಂದು ಸುನ್‌ದೊಕ್ ಕೇಳಲಿಲ್ಲ. ಪಿಲ್ರೇ ಸುರುಳಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಸುತ್ತಿ, "ಬರ್ತೀನಿ," ಎಂದಳು. ಅವನು ಸುಳ್ಳಾಗಿರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

ಮಾನ್‌ಗ್ಯು ಒಂದು ದೊಡ್ಡ ಕಲ್ಲಂಗಡಿ ಹೊತ್ತುಕೊಂಡು ಬಂದ. ಸುಟ್ಟ ಮೀನು, ತೋಫು ಸಾರು, ಹೊಸ ಕಿಮ್ಚಿ ಉಪ್ಪಿನಕಾಯಿ, ಎಲ್ಲ ಮಣೆಯ ಮೇಲಿತ್ತು. ಪಿಲ್ರೇ ಪೊಲೀಸಿನವರ ಹಾಗೆ ಎದುರು ಕೂತು ಕೇಳಿದಳು. ಸೇತುವೆ ಯಾವ ಊರಿನದು? ಅಮ್ಮ ಹೇಗಿದ್ದಳು? ಅವನು ಕೆಲವಕ್ಕೆ ಉತ್ತರಿಸಿದ, ಕೆಲವಕ್ಕೆ ತಲೆ ಕೆರೆದುಕೊಂಡ. ಹೀಗೆ ತಡಕಾಡಿದ್ದನ್ನು ಕಂಡು ಅವಳಿಗೆ ಒಳಗೊಳಗೇ ಹಿಗ್ಗಾಯಿತು.

ಆಗ ಸುನ್‌ದೊಕ್ ಗಡಿಬಿಡಿಯಲ್ಲಿ ಸಾರಿನ ಸೌಟನ್ನು ಅಣ್ಣನ ಟೋಪಿಯೊಳಗೆ ಇಟ್ಟಳು. ಇಟ್ಟದ್ದು ಗೊತ್ತಾಗಿ ನಕ್ಕಳು. ಅವಳ ನಗು ಓಣಿಯೆಲ್ಲ ಆಡಿಕೊಳ್ಳುವಂಥದ್ದು: ಮೊದಲು ಮೂಗಿನಲ್ಲಿ ಗೊರ್ ಎಂಬ ಸದ್ದು, ಆಮೇಲೆ ಬಿಕ್ಕಳಿಕೆ. ಮಾನ್‌ಗ್ಯು ಟೋಪಿ ನೋಡಿ ತಾನೂ ನಕ್ಕ. ಗೊರ್ ಎಂದು, ಆಮೇಲೆ ಬಿಕ್ಕಳಿಸುತ್ತ.

ಅವರಿಬ್ಬರಿಗೂ ಅದು ಗಮನಕ್ಕೆ ಬರಲಿಲ್ಲ. ಪಿಲ್ರೇಗೆ ಬಂತು. ತನ್ನ ಅಣ್ಣ ಗಾಪ್‌ಸೊಂಗ್ ಹೇಗೆ ನಗುತ್ತಿದ್ದ? ನೆನಪು ಮಾಡಿಕೊಳ್ಳಲು ನೋಡಿದಳು. ಹುಬ್ಬಿನ ಗಾಯ ಬಿಟ್ಟರೆ ಏನೂ ಬರಲಿಲ್ಲ.

"ಅಕ್ಕಾ?" ಎಂದಳು ಸುನ್‌ದೊಕ್, ಮೆಲ್ಲಗೆ.

"ನಿನ್ ಅಣ್ಣನೇ ಕಣೇ. ಅವ್ರಿಗೆ ಅನ್ನ ಬಡಿಸು," ಎಂದು ಎದ್ದಳು.

ಹೊರಗೆ ಇಡೀ ಓಣಿ ಕಾದಿತ್ತು. ಓಕ್‌ಬುನ್ ಮುಂದೆ ಬಂದಳು. "ಏನಕ್ಕಾ, ಅಸಲೋ ನಕಲೋ?"

'ನೋಡೋಣ' ಎಂದಿದ್ದರೂ ಸಾಕಿತ್ತು, ಓಣಿ ವರ್ಷವಿಡೀ ಅಗಿಯುತ್ತಿತ್ತು. ಪಿಲ್ರೇಯ ನಾಲಿಗೆಯ ತುದಿಗೂ ಅದು ಬಂತು.

"ಅಸಲು. ಒಡಹುಟ್ಟಿದವನೇ. ಇನ್ನು ಯಾವಳಾದ್ರೂ ಬೇರೆ ಮಾತಾಡಿದ್ರೆ ನನ್ ಅಂಗಡಿ ಹೊಸ್ತಿಲು ತುಳೀಬಾರ್ದು."

"ಅಯ್ಯೋ, ನೀವೇ ಅಲ್ವಾ ಮೊದ್ಲು..."

"ಹೂಂ, ನಾನೇ. ಹೊಟ್ಟೆ ಉರೀತಿತ್ತು, ಅಂದೆ. ಈಗ್ಲೂ ಉರೀತಿದೆ. ಏನೀಗ? ದಾರಿ ಬಿಡ್ರೇ!"

ಯಾರಿಗೂ ನಗುವ ಧೈರ್ಯ ಬರಲಿಲ್ಲ.

ಕಾರ್ಯಕ್ರಮ ಚಳಿ ಶುರುವಾಗುವವರೆಗೂ ನಡೆಯಿತು. ಪಿಲ್ರೇ ಮತ್ತೂ ಜೊಂಜುವಿಗೆ ಹೋಗಿ ನಿಂತಳು. ಸುನ್‌ದೊಕ್ ಕೆಲಸ ಬಿಟ್ಟು ಜೊತೆಗೆ ಬಂದಳು. ಗಾಪ್‌ಸೊಂಗ್ ಸಿಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಅಂಗಡಿಗೆ ಮರಳಿದರು. ಅಕ್ಕಿಯ ಬೆಲೆ, ಮಂತ್ರಿಗಳ ಕುರ್ಚಿ, ಎಲ್ಲದಕ್ಕೂ ಪಿಲ್ರೇ ಮೊದಲಿನಂತೆಯೇ ಅರ್ಥ ಹೇಳಿದಳು.

ಸುನ್‌ದೊಕ್‌ಳ ಮನೆಯಲ್ಲಿ ಫೋನಿರಲಿಲ್ಲ. ಮಾನ್‌ಗ್ಯು ಪಿಲ್ರೇಯ ಅಂಗಡಿಗೇ ಫೋನು ಮಾಡುತ್ತಿದ್ದ. ಪ್ರತಿ ಸಲವೂ ಅವಳು ಬಾಗಿಲಿಗೆ ಬಂದು, "ಸುನ್‌ದೊಕ್! ನಿನ್ ಅಣ್ಣ!" ಎಂದು ಕೂಗಬೇಕಿತ್ತು.

ಒಮ್ಮೆ ಅವನು ಆ ಕಡೆಯಿಂದ, "ನಿಮ್ಮಣ್ಣನ ಸುದ್ದಿ ಏನಾದ್ರೂ ಬಂತಾ ಅಕ್ಕಾ?" ಎಂದು ಕೇಳಿದ.

"ಇಲ್ಲ," ಎಂದಳು ಪಿಲ್ರೇ. "ಇರಿ, ಅವಳನ್ನ ಕರೀತೀನಿ."