ಹನ್ನೆರಡು ನಿಮಿಷಕ್ಕೆ ಐವತ್ತು ಪ್ರಶ್ನೆ

ನನಗೆ ನಲವತ್ತಮೂರು ತುಂಬಿದ ವರ್ಷ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ ಕಚೇರಿ ಮುಚ್ಚಿತು. ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಮನೆಯಿಂದ ಮೂರು ಗಲ್ಲಿ ದಾಟಿದರೆ ಸಿಗುತ್ತಿದ್ದ ಸಣ್ಣ ಸಾಗಣೆ ಕಚೇರಿ ಅದು. ಯಾವ ಲಾರಿ ಎಲ್ಲಿದೆ, ಯಾವ ಡ್ರೈವರ್ ಊಟಕ್ಕೆ ನಿಲ್ಲಿಸಿ ಮಲಗಿಬಿಟ್ಟಿದ್ದಾನೆ ಎಂದು ಫೋನಿನಲ್ಲಿ ಪತ್ತೆ ಹಚ್ಚುವುದೇ ನನ್ನ ಕೆಲಸ. ಮಾಲೀಕರಿಗೆ ವಯಸ್ಸಾಗಿತ್ತು. ಮಗಳ ಮನೆಗೆ ಹೋಗಿ ಇರುತ್ತೇನೆ ಎಂದು ಒಂದು ಸೋಮವಾರ ಹೇಳಿದರು, ಮುಂದಿನ ತಿಂಗಳು ಬೋರ್ಡು ಇಳಿಯಿತು.

ನಾಚಾರಂನಲ್ಲಿ ಬಕೆಟ್ಟು, ಡಬ್ಬಿ, ಅವುಗಳ ಮುಚ್ಚಳ ಮಾಡುವ ಒಂದು ಕಾರ್ಖಾನೆಗೆ ಅರ್ಜಿ ಹಾಕಿದೆ. ಮಾಲು ಕಳಿಸುವ ವಿಭಾಗದಲ್ಲಿ ಕೆಲಸ. ಅಲ್ಲಿಂದ ಒಬ್ಬ ಹುಡುಗಿ ಫೋನ್ ಮಾಡಿ, "ಚಿನ್ನ ಟೆಸ್ಟ್ ಉಂಟುಂದಿ ಮೇಡಂ, ಟ್ವೆಲ್ವ್ ಮಿನಿಟ್ಸ್ ಅಂತೇ," ಎಂದಳು. ತೆಲುಗಿನಲ್ಲಿ ಚಿನ್ನ ಎಂದರೆ ಸಣ್ಣದು, ಅಂತೇ ಎಂದರೆ ಅಷ್ಟೇ. ಸಣ್ಣ ಪರೀಕ್ಷೆಯಲ್ಲಿ ಎಷ್ಟು ಪ್ರಶ್ನೆ ಎಂದು ಕೇಳಿದೆ. ಐವತ್ತು ಎಂದಳು. ನಾನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡು ಮತ್ತೆ ಕೇಳಿದೆ. ಆ ಕಿವಿಗೂ ಐವತ್ತೇ ಕೇಳಿಸಿತು. ಪರೀಕ್ಷೆಗೆ ಹತ್ತು ದಿನವಿತ್ತು.

ಸುದ್ದಿ ಕೇಳಿ ಮನೆಯಲ್ಲಿ ಹುರುಪಾದವರು ನಮ್ಮ ಮಾವನವರೊಬ್ಬರೇ. ನೀರಾವರಿ ಇಲಾಖೆಯಿಂದ ನಿವೃತ್ತರಾಗಿ ಹದಿನೈದು ವರ್ಷವಾದರೂ ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು, ಪೆನ್ನು ಜೇಬಿಗೆ ಸಿಕ್ಕಿಸಿ, ಹಜಾರದ ಮೇಜಿಗೆ ಬಂದು ಕೂರುತ್ತಾರೆ. ಅಂದೇ ಮಧ್ಯಾಹ್ನ ಕೋಠಿಗೆ ಹೋಗಿ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ದಪ್ಪದ ಒಂದು ಇಂಗ್ಲಿಷ್ ಪುಸ್ತಕ ತಂದರು. ಅದರಲ್ಲಿ ಇಂಥವೇ ಮೂವತ್ತು ಮಾದರಿ ಪರೀಕ್ಷೆಗಳಿದ್ದವು. ಮೊದಲಿನ ಎರಡಕ್ಕೆ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಉತ್ತರ ಬರೆದು, ಮೂರನೆಯದರ ಮೇಲೆ ಒಂದು ಅಳುವ ಮುಖ ಬರೆದು ಕೈಬಿಟ್ಟಿದ್ದ.

"ನಾಳೆಯಿಂದ ಹನ್ನೊಂದಕ್ಕ ಪರೀಕ್ಷಾ," ಎಂದರು ಮಾವನವರು. "ನಾ ಟೈಮ್ ಹಿಡೀತೀನಿ. ಮಾತಾಡೂದಿಲ್ಲ, ನೀರು ಕೇಳೂದಿಲ್ಲ, ಕಿಟಕ್ಯಾಗ ನೋಡೂದಿಲ್ಲ."

ನನ್ನ ಗಂಡ ಜಾಣ. ಆ ಹತ್ತು ದಿನವೂ ಕೆಲಸಕ್ಕೆ ಒಂದು ತಾಸು ಮೊದಲೇ ಹೊರಟುಬಿಡುತ್ತಿದ್ದ.

ಮೊದಲ ದಿನ ಹನ್ನೊಂದು ಪ್ರಶ್ನೆ ಮುಟ್ಟಿದೆ, ಆರು ಸರಿಯಾದವು. ಕಾರಣ ನಳದ ಲೆಕ್ಕ. ಒಂದು ನಳ ನೀರಿನ ಟಾಕಿಯನ್ನು ಮೂರು ತಾಸಿನಲ್ಲಿ ತುಂಬುತ್ತದೆ, ಇನ್ನೊಂದು ಆರು ತಾಸಿನಲ್ಲಿ, ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು ಬೇಕು? ನನ್ನ ಹನ್ನೆರಡು ನಿಮಿಷದಲ್ಲಿ ಐದು ನಿಮಿಷ ಆ ಟಾಕಿಗೇ ಹರಿದುಹೋದವು. ಕೊನೆಗೆ ಒಂಬತ್ತು ತಾಸು ಎಂದು ಬರೆದೆ. ಎರಡು ನಳ ಬಿಟ್ಟರೆ ಒಂದಕ್ಕಿಂತ ನಿಧಾನ ಹೇಗಾಗುತ್ತದೆ ಎಂದು ಹೊಳೆದಾಗ ಸಮಯ ಮುಗಿದಿತ್ತು. ಎರಡು ತಾಸು ಎಂದು ಪುಸ್ತಕದ ಹಿಂಬದಿಯಲ್ಲಿತ್ತು. ಮಾವನವರು ಅದನ್ನೂ ಒಪ್ಪಲಿಲ್ಲ.

"ಎರಡೂ ನಳ ಒಮ್ಮೆ ಬಿಟ್ರ ಪ್ರೆಶರ್ ಇಳಿತೈತಿ. ಎರಡು ತಾಸು ಅನ್ನೂದು ಕಾಗದದ ಮ್ಯಾಲಿನ ಮಾತು. ನಾ ಮೂವತ್ತೈದು ವರ್ಷ ನೀರಿನ ಕೆಲಸಾನ ಮಾಡೀನಿ," ಎಂದು ಅಂಚಿನಲ್ಲಿ 'ಒಪ್ಪತಕ್ಕದ್ದಲ್ಲ' ಎಂದು ಬರೆದು ಸಹಿ ಹಾಕಿದರು, ತಾರೀಖು ಸಮೇತ. ಆಮೇಲೆ ಪ್ರತಿದಿನ ನನ್ನ ಉತ್ತರ ತಿದ್ದುವುದಕ್ಕಿಂತ ಪುಸ್ತಕ ತಿದ್ದುವುದಕ್ಕೇ ಅವರಿಗೆ ಹೆಚ್ಚು ಹೊತ್ತು ಹಿಡಿಯತೊಡಗಿತು.

ಆದರೂ ನಾನು ಸುಧಾರಿಸಿದೆ. ಮೂರನೆಯ ದಿನ ಇಪ್ಪತ್ತು, ನಾಲ್ಕನೆಯ ದಿನ ಇಪ್ಪತ್ತಾರು, ಐದನೆಯ ದಿನ ಮೂವತ್ತಾರು! ಅಷ್ಟು ಬುದ್ಧಿ ನನ್ನಲ್ಲಿ ಎಲ್ಲಿ ಅಡಗಿತ್ತೋ ಎಂದು ನನಗೇ ಬೆರಗು. ತಲೆ ಹಿಕ್ಕಿಕೊಳ್ಳುವಾಗ ಕನ್ನಡಿಯಲ್ಲಿ ಹಣೆ ಸ್ವಲ್ಪ ಅಗಲವಾದಂತೆ ಕಂಡಿತು. ಮಾವನವರು ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ನನ್ನ ಅಂಕ ಹೇಳಿ ಬಂದರು.

ಆರನೆಯ ದಿನ ಅಡುಗೆಮನೆಯಿಂದ ನಮ್ಮತ್ತೆ ಸೌಟು ಹಿಡಿದೇ ಹೊರಗೆ ಬಂದರು. ಅತ್ತೆಯವರದು ಬೀದರ್ ಕಡೆಯ ಊರು. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿ ಮದುವೆ ಮಾಡಿ ಹೈದರಾಬಾದಿಗೆ ಕಳಿಸಿದ್ದರು. ಮಾತು ಕಡಿಮೆ.

"ರೀ, ನಿಮ್ಮ ಪರೀಕ್ಷಾ ಎಷ್ಟು ನಿಮಿಷದ್ದು?" ಎಂದು ಮಾವನವರನ್ನು ಕೇಳಿದರು.

"ಹನ್ನೆರಡು. ಯಾಕ?"

"ನೀವು 'ಶುರು' ಅಂದಕೂಡ್ಲೆ ನಾ ಬ್ಯಾಳಿ ಇಡತೀನಿ, 'ನಿಲ್ಲಿಸು' ಅಂದಾಗ ಇಳಸ್ತೀನಿ. ಮೊದಲನೇ ದಿನ ಬ್ಯಾಳಿ ಬರೋಬರಿ ಬೆಂದಿತ್ತು. ನಿನ್ನೆ ಹಿಟ್ಟಾಗಿತ್ತು. ಇವತ್ತು ನೋಡ್ರಿ, ಬ್ಯಾಳೀನ ಇಲ್ಲ, ಬರೇ ನೀರು."

ಮಾವನವರು ಎಡಗೈ ಎತ್ತಿ ತಮ್ಮ ಕೈಗಡಿಯಾರ ನೋಡಿಕೊಂಡರು. ನಿವೃತ್ತಿಯಾದಾಗ ಸಹೋದ್ಯೋಗಿಗಳು ಕೊಟ್ಟದ್ದು. ಕೀಲಿ ಕೊಡುವ ಕೆಲಸವಿಲ್ಲ, ಕೈ ಅಲ್ಲಾಡುತ್ತಿದ್ದರೆ ತಾನೇ ನಡೆಯುವ ಜಾತಿಯದು. ಆದರೆ ವಯಸ್ಸಾಗಿ ಅದರ ಕಸುವು ಹೋಗಿತ್ತು. ಮಾವನವರು ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚು ಗಂಭೀರರಾಗಿ, ಕೈಯನ್ನು ಮೇಜಿನ ಮೇಲಿಟ್ಟು ಕಲ್ಲಿನ ಮೂರ್ತಿಯ ಹಾಗೆ ಕೂರತೊಡಗಿದ್ದರು. ಅವರು ಅಲ್ಲಾಡದೆ ಕೂತಾಗ ಗಡಿಯಾರವೂ ನಿಲ್ಲುತ್ತಿತ್ತು. ಎಂದಾದರೂ ಮೂಗು ತುರಿಸಿಕೊಂಡರೆ ಮತ್ತೆ ನಡೆಯುತ್ತಿತ್ತು. ಮೊಬೈಲು ಹಚ್ಚಿ ಪರೀಕ್ಷಿಸಿದೆವು. ಅವರ ಹನ್ನೆರಡು ನಿಮಿಷಕ್ಕೆ ಊರಿನ ಹತ್ತೊಂಬತ್ತು ನಿಮಿಷ ಆಗಿತ್ತು.

"ಇದು ನನ್ನ ಕೈಯಾಗ ಹದಿನೈದು ವರ್ಷ ಐತಿ. ಎಂದೂ ಹಿಂಗ ಮಾಡಿದ್ದಿಲ್ಲ," ಎಂದರು ಮಾವನವರು. ಆ ದಿನ ಊಟದಲ್ಲಿ ಎಡಗೈಯನ್ನು ಸುಮ್ಮನೆ ಗಾಳಿಯಲ್ಲಿ ಅಲ್ಲಾಡಿಸುತ್ತಾ ಕೂತಿದ್ದರು. ಮೊಬೈಲು ಇಟ್ಟುಕೊಂಡು ಮತ್ತೆ ಬರೆದಾಗ ಹನ್ನೆರಡು ನಿಮಿಷದಲ್ಲಿ ನನಗೆ ಬಂದದ್ದು ಹದಿನೆಂಟು. ಮೇಲಿನ ಮನೆಯವರಿಗೆ ಈ ಅಂಕ ಯಾರೂ ಹೇಳಲಿಲ್ಲ.

ಅಳು ಬಂತು. ಪುಸ್ತಕ ತೆಗೆದುಕೊಂಡು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತೆ. ಅತ್ತೆ ಹೀರೇಕಾಯಿ ಹೆರೆಯುತ್ತಿದ್ದರು.

"ಏನು ಕೇಳ್ತಾರ ಅದರಾಗ? ಒಂದು ಓದು ನೋಡೂಣು," ಎಂದರು.

ಎರಡು, ಆರು, ಹನ್ನೆರಡು, ಇಪ್ಪತ್ತು, ಮೂವತ್ತು, ಮುಂದೇನು ಎಂದು ಓದಿದೆ. ನಾನು ಆ ಬೆಳಿಗ್ಗೆ ಅದರ ಮುಂದೆ ಒಂದು ನಿಮಿಷ ಕಣ್ಣು ಬಿಟ್ಟುಕೊಂಡು ಕೂತಿದ್ದೆ.

"ನಲವತ್ತೆರಡು," ಎಂದರು ಅತ್ತೆ. ಹೀರೇಕಾಯಿಯ ಒಂದು ಏಣು ಕೂಡ ಮುಗಿದಿರಲಿಲ್ಲ.

"ಹೆಂಗ್ರಿ ಅತ್ತೇರ?"

"ನಾಕು ಕೂಡಸ್ಯಾರ, ಆರು ಕೂಡಸ್ಯಾರ, ಎಂಟು, ಹತ್ತು. ಮುಂದ ಹನ್ನೆರಡು. ಕ್ರೋಶಾ ದಾರ ಹೆಣಿಯೂಮುಂದ ಒಂದೊಂದು ಸುತ್ತಿಗೂ ಎರಡು ಮನಿ ಹೆಚ್ಚು ಮಾಡ್ಕೊಂತ ಹೋಗ್ತೀವಿ ನೋಡು, ಹಂಗ. ಇಲ್ಲಂದ್ರ ಮೇಜಿನ ಹೊದಿಕಿ ಮುದುಡತೈತಿ."

ಮುಂದಿನದು ಗುಂಪಿಗೆ ಸೇರದ್ದನ್ನು ಆರಿಸುವುದು. ಕುದುರೆ, ಹಸು, ಕೋಳಿ, ಕುರಿ.

"ಕುದುರಿ. ಉಳಿದವು ಮನ್ಯಾಗ ಇದ್ರ ಹಾಲರ ಕೊಡ್ತಾವು, ತತ್ತಿಯರ ಕೊಡ್ತಾವು, ಉಣ್ಣಿಯರ ಕೊಡ್ತಾವು. ಕುದುರಿ ಏನು ಕೊಡತೈತಿ, ಒದಿ?"

ಪುಸ್ತಕದಲ್ಲಿ ಕೋಳಿ ಎಂದಿತ್ತು, ಅದಕ್ಕೆ ಎರಡೇ ಕಾಲು ಎಂದು. ಅತ್ತೆ ಹೆರೆಯುವುದನ್ನು ನಿಲ್ಲಿಸಿ ಯೋಚಿಸಿದರು.

"ಹಂಗಂದ್ರ ನಮಗ ಖರೇ ಅನಸಿದ್ದು ಹೇಳಬಾರದು. ಕೇಳಿದವ ಮನಸಿನ್ಯಾಗ ಏನು ಇಟ್ಕೊಂಡು ಕೇಳ್ಯಾನ, ಅದನ್ನ ಹೇಳಬೇಕು. ಇಷ್ಟನ? ನಿಮ್ಮ ಮಾವನ ಜೋಡಿ ನಲವತ್ತೆಂಟು ವರ್ಷ ಇದನ್ನ ಮಾಡೀನಿ ತೊಗೊ."

ಆ ಕ್ಷಣದಿಂದ ಅತ್ತೆಯನ್ನು ತಡೆಯುವವರಿರಲಿಲ್ಲ. ಇಪ್ಪತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಗಡಗಡನೆ ಓದಿದೆ, ಮೊಬೈಲಿನ ಲೆಕ್ಕದಲ್ಲಿ ಆರು ನಿಮಿಷದೊಳಗೆ ಹದಿನೆಂಟು ಸರಿ ಹೇಳಿದರು. ಬೇಗಂ ಬಜಾರಿನ ಕಿರಾಣಿ ವ್ಯಾಪಾರಿಗಳು ಅವರನ್ನು ಕಂಡರೆ ತಕ್ಕಡಿಯ ಬಟ್ಟು ಎರಡು ಸಲ ನೋಡಿಕೊಳ್ಳುವುದು ಯಾಕೆಂದು ನನಗೆ ಅವತ್ತು ತಿಳಿಯಿತು. ತಪ್ಪಾದ ಎರಡರಲ್ಲಿ ಒಂದು ಹಾಯಿದೋಣಿಯ ವಿಚಾರ. ಅತ್ತೆ ಹಾಯಿದೋಣಿ ನೋಡಿಲ್ಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಮಾವನವರು, "ಕೊಡಿಲ್ಲೆ ಆ ಪುಸ್ತಕಾ," ಎಂದು ಕಸಿದುಕೊಂಡು, ಹಜಾರಕ್ಕೆ ಹೋಗಿ ಅವೇ ಇಪ್ಪತ್ತು ಪ್ರಶ್ನೆ ತಾವೂ ಬರೆದರು. ಅವರಿಗೆ ಏಳು ಬಂದವು. ನಾಲ್ಕು ಪ್ರಶ್ನೆಗೆ ಉತ್ತರದ ಬದಲು ಆಕ್ಷೇಪಣೆ ಬರೆದಿದ್ದರು. ಅತ್ತೆ ಅದನ್ನು ನೋಡಿದರು. ಸಂಜೆ ಅವರ ಚಹಾಕ್ಕೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿ ಕೊಟ್ಟರು.

ಉಳಿದ ನಾಲ್ಕು ದಿನ ನನ್ನ ತರಬೇತಿ ಅಡುಗೆಮನೆಗೆ ವರ್ಗವಾಯಿತು. ಅತ್ತೆಯ ಪಾಠ ಒಂದೇ. ಅಕ್ಕಿ ಆರಿಸುತ್ತಾ ಹೇಳಿದರು, "ಯವ್ವಾ, ನೀ ಒಂದೊಂದು ಕಲ್ಲಿನ ಹಳ್ಳು ಸಿಕ್ಕಾಗೂ ಅದನ್ನ ಹಿಡ್ಕೊಂಡು ಎಲ್ಲಿಂದ ಬಂದಿ ಅಂತ ಕೇಳ್ಕೊಂತ ಕುಂದರ್ತಿ. ಅಕ್ಕಿ ಯಾವಾಗ ಮುಗೀಬೇಕು? ಬರಲಿಲ್ಲಂದ್ರ ಬಿಡು, ಮುಂದ ಹೋಗು." ನಾನು ನಳದ ಲೆಕ್ಕಕ್ಕೆ ಸಿಕ್ಕಿಬಿದ್ದಾಗಲೆಲ್ಲ ಒಲೆಯ ಕಡೆಯಿಂದ, "ಬಿಡು, ಮುಂದ ಹೋಗು!" ಎಂದು ಕೂಗುತ್ತಿದ್ದರು. ಒಂದು ದಿನ ಹಾಲಿನವನು ಅದನ್ನು ಕೇಳಿ ಹಾಲು ಹಾಕದೆ ಹೋದ.

ಪರೀಕ್ಷೆಯ ದಿನ ನಾಚಾರಂ ತಲುಪಿದಾಗ ಹತ್ತು ಗಂಟೆ. ಗೋಡೆಯ ಆಚೆ ಯಂತ್ರವೊಂದು ಟಪ್ ಟಪ್ ಎಂದು ಮುಚ್ಚಳ ಉದುರಿಸುತ್ತಿತ್ತು. ಕೋಣೆಯಲ್ಲಿ ಆರು ಕಂಪ್ಯೂಟರು, ಆರು ಜನ. ನಾಲ್ವರು ನನ್ನ ಅಕ್ಕನ ಮಕ್ಕಳ ವಯಸ್ಸಿನವರು. ನನ್ನ ಪಕ್ಕದಲ್ಲಿ ಮಾತ್ರ ಮೂವತ್ತೈದರ ಸುಮಾರಿನ ದಪ್ಪ ಮೀಸೆಯವರೊಬ್ಬರು ಪರದೆಯನ್ನು ಹಾವು ನೋಡುವಂತೆ ನೋಡುತ್ತಾ ಕೂತಿದ್ದರು. ಫೋನು ಮಾಡಿದ್ದ ಹುಡುಗಿ ಬಂದು, "ಸ್ಟಾರ್ಟ್ ಚೇಯಂಡಿ," ಎಂದಳು.

ಹತ್ತು ಪ್ರಶ್ನೆ ನೀರು ಕುಡಿದಂತೆ ಹೋದವು. ಹನ್ನೊಂದನೆಯದು ನಳ! ಈ ಸಲ ಟಾಕಿಯ ತಳದಲ್ಲಿ ತೂತು ಬೇರೆ. ನನ್ನ ಕೈ ನಿಂತಿತು. ತೂತು ಕಂಡಮೇಲೂ ನೀರು ತುಂಬಿಸುತ್ತಿರುವ ಈ ಮನುಷ್ಯ ಯಾರು ಎಂಬ ಯೋಚನೆ ಬಂತು. ಮಾವನವರು ಇದಕ್ಕೆ ಏನು ಬರೆಯುತ್ತಿದ್ದರು ಎಂಬ ಯೋಚನೆಯೂ ಬಂತು. ಮುಚ್ಚಳಗಳು ಟಪ್ ಟಪ್ ಬೀಳುತ್ತಿದ್ದವು. ಆಗ ಮನಸ್ಸಿನಲ್ಲಿ ಅಂದುಕೊಳ್ಳಬೇಕಾದದ್ದನ್ನು ಬಾಯಿಬಿಟ್ಟು, ಅದೂ ಅತ್ತೆಯ ದನಿಯಲ್ಲೇ, ಜೋರಾಗಿ ಅಂದುಬಿಟ್ಟೆ.

"ಬಿಡು! ಮುಂದ ಹೋಗು!"

ಪಕ್ಕದ ಮೀಸೆಯವರು ಬೆಚ್ಚಿಬಿದ್ದು, ಟಕ್ಕನೆ ಏನನ್ನೋ ಒತ್ತಿದರು. ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. ನಾನು ತಲೆ ತಗ್ಗಿಸಿ ಮುಂದಕ್ಕೆ ಹೋದೆ, ಮತ್ತೆ ಹಿಂದಿರುಗಿ ನೋಡಲಿಲ್ಲ. ಸಮಯ ಮುಗಿದಾಗ ಮೂವತ್ಮೂರನೆಯ ಪ್ರಶ್ನೆಯಲ್ಲಿದ್ದೆ.

ಹೊರಗೆ ವರಾಂಡದಲ್ಲಿ ಕಾಯುತ್ತಿದ್ದಾಗ ಮೀಸೆಯವರು ನನ್ನ ಹತ್ತಿರ ಬಂದು ಕೈ ಮುಗಿದರು.

"ಅಕ್ಕಾರ, ನೀವು ನಮ್ಮ ಕಲಬುರಗಿ ಕಡಿಯವರೇನ್ರಿ?"

"ನಮ್ಮತ್ತಿ ಬೀದರದವರು. ಯಾಕ್ರಿ?"

"ಒಂಬತ್ತನೇ ಪ್ರಶ್ನ್ಯಾಗ ಸಿಕ್ಕೊಂಡು ಒದ್ದಾಡಾಕತ್ತಿದ್ನಿರಿ. ದೇವರು ಹೇಳಿದಂಗ ಹೇಳಿದ್ರಿ ನೋಡ್ರಿ. ಬಿಟ್ಟೆ, ಹೋದೆ. ಮುಂದಿನವು ಎಲ್ಲಾ ಹಗುರ ಇದ್ವುರಿ."

"ಅಯ್ಯ, ನಾ ನಿಮಗ ಅಂದಿದ್ದಲ್ರಿ. ನನಗ ನಾನ ಅಂದ್ಕೊಂಡಿದ್ದೆ."

"ಯಾರಿಗರ ಅಂದಿರ್ರಿ. ನನಗ ಕೆಲಸ ಆತು."

ಅವರಿಗೆ ಇಪ್ಪತ್ತೊಂಬತ್ತು ಬಂತು, ನನಗೆ ಇಪ್ಪತ್ತೇಳು. ಇಪ್ಪತ್ತೈದರ ಮೇಲೆ ಬಂದವರು ಮ್ಯಾನೇಜರ ಬಳಿ ಹೋಗಬೇಕಿತ್ತು. ಮ್ಯಾನೇಜರು ನನ್ನನ್ನು ಕೇಳಿದ್ದು ಒಂದೇ. ಡ್ರೈವರ್ ಫೋನ್ ಎತ್ತದಿದ್ದರೆ ಏನು ಮಾಡುತ್ತೀರಿ? ದಾರಿಯಲ್ಲಿರುವ ಮೂರು ಢಾಬಾಗಳಿಗೆ ಫೋನ್ ಮಾಡುತ್ತೇನೆ, ಮೂರರ ನಂಬರೂ ನನ್ನ ಹತ್ತಿರ ಇದೆ ಎಂದೆ. ಅವರು ನಕ್ಕು, ಸೋಮವಾರ ಬನ್ನಿ ಎಂದರು. ಮೀಸೆಯವರಿಗೂ ಉಗ್ರಾಣದಲ್ಲಿ ಕೆಲಸ ಸಿಕ್ಕಿತು.

ನಾನು ಕೆಲಸಕ್ಕೆ ಸೇರಿ ಈಗ ಎಂಟು ತಿಂಗಳು. ಅಷ್ಟರಲ್ಲಿ ಕೆಳಗಿನ ಮನೆಯವರ ಮಗಳಿಗೆ ಇಂಥದೇ ಒಂದು ಪರೀಕ್ಷೆ ಬಂತು. ಅವಳು ಅತ್ತೆಯ ಹತ್ತಿರ ನಾಲ್ಕು ದಿನ ಕೂತು ಪಾಸಾದಳು. ಅವಳ ಹಿಂದೆ ಅವಳ ಗೆಳತಿಯರು ಬಂದರು. ಈಗ ಸಂಜೆ ನಾಲ್ಕೂವರೆಗೆ ನಮ್ಮ ಅಡುಗೆಮನೆಯಲ್ಲಿ ಐದು ಜನ ಸಾಲಾಗಿ ಕೂರುತ್ತಾರೆ. ಅವರು ಪ್ರಶ್ನೆಯನ್ನು ತೆಲುಗಿನಲ್ಲಿ ಓದುತ್ತಾರೆ, ಅತ್ತೆ ಕನ್ನಡದಲ್ಲಿ ಬಿಡಿಸುತ್ತಾರೆ, ಜಗಳ ಮಾತ್ರ ಎಲ್ಲರೂ ಹಿಂದಿಯಲ್ಲಿ ಆಡುತ್ತಾರೆ. ಮಾವನವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹಾಜರಿ ತೆಗೆದುಕೊಳ್ಳುತ್ತಾರೆ.

ಮೊನ್ನೆ ಕೆಲಸದಿಂದ ಬಂದು ನೀರು ಕುಡಿಯಲು ಒಳಗೆ ಹೋದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನನ್ನು ನೋಡಿ, ಈ ಆಂಟಿಯೂ ನಿಮ್ಮ ಹತ್ತಿರವೇ ಕಲಿತರಾ ಎಂದು ಅತ್ತೆಯನ್ನು ಕೇಳಿದಳು.

"ಹೂಂ," ಎಂದರು ಅತ್ತೆ, ಕೊತ್ತಂಬರಿ ಸೋಸುತ್ತಾ. "ಇಪ್ಪತ್ತೇಳು ಬಂದ್ವು. ಪಾಪ, ಕೆಲಸಕ್ಕ ಸಾಕಾದ್ವು."