ಅಲುಗದೆ ನಿಂತವಳ ಫೌಲು

ನಮ್ಮ ಕಡೆ ಬಾಸ್ಕೆಟ್‌ಬಾಲಿಗೆ ರೆಫ್ರಿಯಾಗುವುದೆಂದರೆ ಕಬಡ್ಡಿ ನೋಡಿ ಬೆಳೆದ ಜನರ ನಡುವೆ ನಿಲ್ಲುವುದು. ಅವರ ಪ್ರಕಾರ ನುಗ್ಗಿದವರು ಧೈರ್ಯವಂತರು, ಬಿದ್ದವರು ಪಾಪದವರು, ಅಡ್ಡ ನಿಂತವರದ್ದೇ ತಪ್ಪು. ಕೆ.ಆರ್. ನಗರದಲ್ಲಿ ಪಿ.ಟಿ. ಟೀಚರಾಗಿರುವ ನಾನು ಈ ನ್ಯಾಯಕ್ಕೆ ವಿರುದ್ಧವಾಗಿ ವಿಶಲ್ ಊದಿ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಬೈದರೆ ಬೈಯಲಿ, ನನಗೂ ಬಾಯಿದೆ. ಆದರೆ ಹೋದ ಚಳಿಗಾಲದಲ್ಲಿ ಹುಣಸೂರಿನಲ್ಲಿ ಕಂಡದ್ದನ್ನು ನೆನೆದರೆ ಆ ಬಾಯಿ ಈಗಲೂ ಕಟ್ಟಿಹೋಗುತ್ತದೆ.

ಅವತ್ತು ಹೈಸ್ಕೂಲು ಹುಡುಗಿಯರ ಪಂದ್ಯ. ಹುಣಸೂರಿನವರ ಬೆಂಚು ತುಂಬಿತ್ತು. ಹಂಪಾಪುರದ ಕಡೆಯಿಂದ ಬಂದವರು ಐದೇ ಜನ. ಆರನೆಯವಳು ಜ್ವರ ಬಂದು ಮನೆಯಲ್ಲೇ ಉಳಿದಿದ್ದಳು. ಒಬ್ಬಳ ಮೇಲೆ ಐದು ಫೌಲಾದರೆ ಅವಳು ಆಚೆ, ಬದಲಿಗೆ ಬರಲು ಯಾರೂ ಇಲ್ಲ.

ಹುಣಸೂರಿನ ಎತ್ತರದ ಹುಡುಗಿ ಚೆನ್ನಾಗಿಯೇ ಆಡುತ್ತಿದ್ದಳು. ಒಂದು ಚಾಳಿ ಮಾತ್ರ ಇತ್ತು. ಚೆಂಡು ಸಿಕ್ಕ ಕೂಡಲೇ ಯಾರಿಗೆ ಗುದ್ದಲಿ ಎಂದು ಹುಡುಕುವಳು. ಭುಜ ತಗ್ಗಿಸಿ, ಬೇಕೆಂದೇ ಎದುರಿನವಳ ಎದೆಗೆ ಹೋಗಿ ಬಡಿದು, "ಅಮ್ಮಾ" ಎಂದು ಕೂಗಿ ಬೀಳುವಳು. ನನ್ನ ಜೊತೆಯ ರೆಫ್ರಿ ಹಳೆಯ ಕಬಡ್ಡಿ ಆಟಗಾರರಾದ ಒಬ್ಬ ಮೇಷ್ಟ್ರು. ಒಳ್ಳೆಯವರು, ಬಿದ್ದವರನ್ನು ಕಂಡರೆ ಅವರ ಕರುಳು ಚುರ್ ಎನ್ನುತ್ತದೆ. ಪ್ರತಿ ಸಲವೂ ಎದುರಿಗೆ ನಿಂತಿದ್ದ ಸಣಕಲು ಹುಡುಗಿಯ ಮೇಲೇ ಫೌಲು ಕೊಟ್ಟರು. ಅವಳು ವಾಡಿಕೆಯಂತೆ ಕೈಯೆತ್ತಿ ಒಪ್ಪಿಕೊಳ್ಳುತ್ತಿದ್ದಳು. ಅವಳದ್ದು ನಾಲ್ಕಾಯಿತು.

ವಿರಾಮದಲ್ಲಿ ಮೇಷ್ಟ್ರಿಗೆ ಹೇಳಿದೆ, "ಸಾರ್, ಆ ಹುಡುಗಿ ನಿಂತೇ ಇರ್ತಾಳಲ್ವಾ?"

"ನಿಂತಿರೋದೇ ತಪ್ಪು ಕಣಮ್ಮ. ಅಂಗೆ ನುಗ್ಗುವಾಗ ಜಾಗ ಬುಡ್ಬೇಕಪ್ಪ," ಎಂದರು.

ಆ ಕಡೆ ಹಂಪಾಪುರದ ಹುಡುಗಿಯರೂ ಅದನ್ನೇ ಹೇಳುತ್ತಿದ್ದರು. "ಇನ್ನೊಂದ್ಸಲ ಬಂದ್ರೆ ಪಕ್ಕಕ್ಕೋಗ್ಬುಡೆ. ನೀನೋದ್ರೆ ನಾವು ನಾಕೇ ಜನ." ಸಣಕಲಿ ನೀರು ಕುಡಿಯುತ್ತಾ ಕೇಳಿಸಿಕೊಂಡಳು.

ಕೊನೆಯ ಭಾಗದಲ್ಲಿ ಬುಟ್ಟಿಯ ಕೆಳಗೆ ನಾನಿದ್ದೆ. ಕಾನೂನು ಸುಲಭವಾಗಿದೆ. ತಡೆಯುವವಳು ಮೊದಲೇ ಬಂದು, ಕಾಲೂರಿ, ಎದೆಗೊಟ್ಟು ನಿಂತಿದ್ದರೆ ಗುದ್ದಿದವಳದ್ದೇ ಫೌಲು. ಕಣ್ಣು ಮಾತ್ರ ಹೇಳಿದ ಮಾತು ಕೇಳದೆ ಚೆಂಡಿನ ಹಿಂದೆ ಓಡುತ್ತದೆ. ಎತ್ತರದವಳು ಚೆಂಡು ಹಿಡಿದು ಹೊರಟಾಗ ನಾನು ಚೆಂಡಿನ ಆಸೆ ಬಿಟ್ಟು ಸಣಕಲಿಯನ್ನೇ ನೋಡಿದೆ.

ಅವಳು ಎರಡು ಹೆಜ್ಜೆ ಮುಂಚೆಯೇ ಬಂದು ನಿಂತಳು. ಕೈಗಳನ್ನು ಎದೆಗೆ ಕಟ್ಟಿಕೊಂಡಳು. ಸ್ಕೂಟರ್ ಹತ್ತಿರ ಬಂದರೆ ನಾನು ಈ ವಯಸ್ಸಿನಲ್ಲೂ ಎಗರಿ ಪಕ್ಕಕ್ಕೆ ಹೋಗುತ್ತೇನೆ. ದೇಹದ ಗುಣವೇ ಅದು. ಇವಳ ಮೈ ಒಂಚೂರೂ ಹಿಂಜರಿಯಲಿಲ್ಲ. ಕಾಲಿನ ತುದಿ ಸಹ ಅಲುಗಲಿಲ್ಲ. ಬರುತ್ತಿರುವ ಏಟನ್ನು ಕಣ್ಣು ಬಿಟ್ಟುಕೊಂಡೇ ನೋಡುತ್ತಿದ್ದಳು. ಆಮೇಲೆ ಧಡ್ ಎಂದು ಶಬ್ದವಾಗಿ ಇಬ್ಬರೂ ಸಿಮೆಂಟಿನ ಮೇಲೆ ಬಿದ್ದರು, ಚೆಂಡು ಬುಟ್ಟಿಯೊಳಗೆ ಬಿತ್ತು.

ಮೇಷ್ಟ್ರು ಉಸಿರೆಳೆದುಕೊಳ್ಳುವಷ್ಟರಲ್ಲಿ ನಾನು ವಿಶಲ್ ಊದಿದ್ದೆ. ಮುಷ್ಟಿಯನ್ನು ಅಂಗೈಗೆ ಗುದ್ದಿ ತೋರಿಸಿದೆ: ನುಗ್ಗಿದವಳ ಫೌಲು, ಬುಟ್ಟಿ ಲೆಕ್ಕಕ್ಕಿಲ್ಲ.

"ಏನ್ ಮಿಸ್, ಬಿದ್ದೋಳ್ ಮೇಲೇ ಫೌಲಾ?" ಎಂದು ಯಾರೋ ಕೂಗಿದರು.

"ಇಬ್ರೂ ಬಿದ್ದವ್ರೆ, ನೆಟ್ಟಗೆ ನೋಡ್ರಿ," ಎಂದೆ.

ತಿರುಗಿ ನೋಡಿದರೆ ಸಣಕಲಿ ಬಿದ್ದಲ್ಲಿಂದಲೇ ಕೈಯೆತ್ತಿದ್ದಾಳೆ. ನನ್ನ ಕಡೆ ನೋಡಿರಲೇ ಇಲ್ಲ. ಎದ್ದು, ತರಚಿದ ಮೊಣಕೈಯನ್ನು ಜರ್ಸಿಗೆ ಒರೆಸಿಕೊಂಡು, ಖಾಲಿ ಬೆಂಚಿನ ಕಡೆ ನಡೆಯತೊಡಗಿದಳು. ಐದನೆಯದೂ ತನ್ನದೇ ಎಂದುಕೊಂಡಿದ್ದಳು. ಹಾಗೆಂದುಕೊಂಡೇ ಅಲ್ಲಿ ಅಲುಗದೆ ನಿಂತಿದ್ದಳು.

"ಎಲ್ಲಿಗಮ್ಮಾ? ಫೌಲು ನಿಂದಲ್ಲ, ಬಾ," ಎಂದು ಕರೆದೆ.

ಹಂಪಾಪುರದವರು ಸ್ವಲ್ಪದರಲ್ಲಿ ಸೋತರು, ಆದರೆ ಐದು ಜನರಾಗಿಯೇ ಸೋತರು. ಅವರು ಊರಿನ ಬಸ್ಸಿಗೆ ಹೊರಡುವ ಮುಂಚೆ ತಡೆಯಲಾರದೆ ಸಣಕಲಿಯನ್ನು ಕೇಳಿದೆ, "ಆಚೆ ಕಳಿಸ್ತಾರೆ ಅಂತ ಗೊತ್ತಿದ್ದೂ ಯಾಕೆ ನಿಂತೆ?"

ಅವಳು ಶೂ ಲೇಸು ಬಿಚ್ಚುತ್ತಿದ್ದಳು. ಇದೇನು ಕೇಳ್ತಾರೆ ಇವರು ಎಂಬಂತೆ ತಲೆಯೆತ್ತಿ ನೋಡಿದಳು.

"ಮೊದ್ಲು ಬಂದೋಳು ನಾನಲ್ವಾ ಮಿಸ್?"